ಮನೆಯ ಕಂಪ್ಯೂಟರಿಗೆ ಎಂಥ ಬ್ಯಾಕಪ್? ಎಲಿಕಾಟ್ ಸಿಟಿಯಿಂದ ಒಂದು ಸಮೀಕ್ಷೆ

2016ರ ಜುಲೈ 30ರ ಶನಿವಾರ ರಾತ್ರಿ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯ ಹಳೆಯ ಪೇಟೆಯ ಮೇಲೆ ಎರಡು ಗಂಟೆಗಳಲ್ಲಿ ಸುಮಾರು ಆರು ಅಂಗುಲ ಮಳೆ ಸುರಿಯಿತು. ಇಲ್ಲಿನ ಮೇನ್ ಸ್ಟ್ರೀಟ್ ಕಡಿದಾದ ಇಳಿಜಾರಿನ ಬೀದಿ. ತಳದಲ್ಲಿ ಪಟಾಪ್ಸ್ಕೊ ನದಿ; ಅಂಗಡಿಗಳ ಅಡಿಯಲ್ಲೇ ಹರಿದು ಅದನ್ನು ಸೇರುವ ಟೈಬರ್ ಎಂಬ ತೊರೆ. ಆ ರಾತ್ರಿ ಬೀದಿಯೇ ಹೊಳೆಯಾಯಿತು, ಕಾರುಗಳು ತೇಲಿಹೋದವು, ಇಬ್ಬರು ಪ್ರಾಣ ಕಳೆದುಕೊಂಡರು. ಇಂಥ ಮಳೆ ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ಸಾವಿರಕ್ಕೊಂದು ಎಂದು ರಾಷ್ಟ್ರೀಯ ಹವಾಮಾನ ಸೇವೆ ಲೆಕ್ಕ ಹಾಕಿತು. ಎರಡು ವರ್ಷ ತುಂಬುವ ಮುನ್ನವೇ, 2018ರ ಮೇ 27ರ ಭಾನುವಾರ, ಎಂಟು ಅಂಗುಲದಷ್ಟು ಮಳೆ ಬಂದು ಅದೇ ಬೀದಿ ಮತ್ತೆ ಕೊಚ್ಚಿಹೋಯಿತು. ಇನ್ನೊಂದು ಜೀವ ಹೋಯಿತು. 1868ರಲ್ಲೂ, 1972ರ ಆಗ್ನೆಸ್ ಚಂಡಮಾರುತದಲ್ಲೂ ಈ ಊರು ಮುಳುಗಿದ್ದುಂಟು. ಸಾವಿರಕ್ಕೊಂದು ಎಂಬ ಲೆಕ್ಕವನ್ನು ನಂಬಿ ನಿಶ್ಚಿಂತೆಯಿಂದ ಕೂರಬಾರದು ಎಂಬುದನ್ನು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಕನ್ನಡ ಮನೆಗಳು ಹೆಚ್ಚಾಗಿ ಆ ಕಣಿವೆಯಲ್ಲಿಲ್ಲ. ರೂಟ್ 40ರ ಆಚೀಚೆ, ಸೆಂಟೆನಿಯಲ್ ಪಾರ್ಕಿನ ಸುತ್ತ, ಟರ್ಫ್ ವ್ಯಾಲಿ ಕಡೆ, ಪಕ್ಕದ ಕೊಲಂಬಿಯದಲ್ಲಿ ಎತ್ತರದ ನೆಲದ ಮೇಲಿವೆ. ಹೊಳೆ ನಮ್ಮ ಬಾಗಿಲಿಗೆ ಬರುವುದಿಲ್ಲ ಎಂದುಕೊಳ್ಳುವುದು ಸಹಜ. ಆದರೆ ಹಳೆಯ ಡೆಸ್ಕ್‌ಟಾಪು, ಫೋಟೊ ತುಂಬಿದ ಡಿಸ್ಕುಗಳು, ರೌಟರು ಇವೆಲ್ಲ ಇರುವುದು ಸಾಮಾನ್ಯವಾಗಿ ಬೇಸ್‌ಮೆಂಟಿನಲ್ಲಿ. ಅಲ್ಲಿ ನೆಲದಡಿ ಸೇರುವ ನೀರನ್ನು ಹೊರಗೆ ತಳ್ಳುವುದು ಸಂಪ್ ಪಂಪು. ಅದು ನಡೆಯುವುದು ಕರೆಂಟಿನಿಂದ. ಕರೆಂಟು ಹೋಗುವುದೋ ಜೋರು ಮಳೆಗಾಳಿಯ ದಿನವೇ. 2012ರ ಜೂನ್ 29ರ ರಾತ್ರಿ ಡೆರೇಚೊ ಎಂಬ ಬಿರುಗಾಳಿ ಮೇರಿಲ್ಯಾಂಡ್, ವರ್ಜೀನಿಯ, ವಾಷಿಂಗ್ಟನ್ ಮೇಲೆ ಬೀಸಿದಾಗ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ಲ್ಯಾಪ್‌ಟಾಪಿನ ಪಕ್ಕದಲ್ಲೇ ಅದರ ಬ್ಯಾಕಪ್ ಡಿಸ್ಕನ್ನೂ ಇಟ್ಟಿದ್ದರೆ ನೀರು, ಬೆಂಕಿ, ಸಿಡಿಲು, ಕಳ್ಳ ಯಾವುದು ಬಂದರೂ ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಹೋಗುತ್ತದೆ.

ಇವಿಷ್ಟೂ ಕಣ್ಣಿಗೆ ಕಾಣುವ ಅಪಾಯಗಳು. ಕಾಣದ ಅಪಾಯ ಇನ್ನೂ ಹತ್ತಿರದಲ್ಲೇ ಬಂದು ಹೋಗಿದೆ. 2019ರ ಮೇ 7ರಂದು ಬಾಲ್ಟಿಮೋರ್ ನಗರಾಡಳಿತದ ಕಂಪ್ಯೂಟರುಗಳನ್ನು ರಾಬಿನ್‌ಹುಡ್ ಎಂಬ ರಾನ್‌ಸಮ್‌ವೇರ್ ಬೀಗ ಹಾಕಿ ಕೂರಿಸಿತು. ದುಷ್ಕರ್ಮಿಗಳು ಕೇಳಿದ್ದು 13 ಬಿಟ್‌ಕಾಯಿನ್, ಅಂದಿನ ಬೆಲೆಯಲ್ಲಿ ಸುಮಾರು 76 ಸಾವಿರ ಡಾಲರ್. ನಗರ ಕೊಡಲಿಲ್ಲ, ದಾಳಿಯಿಂದ ಅಂದಾಜು 18 ದಶಲಕ್ಷ ಡಾಲರ್ ನಷ್ಟ ಅನುಭವಿಸಿತು. ಕೆಲವು ತಿಂಗಳ ಬಳಿಕ ಲೆಕ್ಕಪರಿಶೋಧಕರು ಬಯಲಿಗೆ ತಂದ ಸಂಗತಿ ನಮ್ಮಂಥ ಮನೆಮಂದಿಗೆ ಹೆಚ್ಚು ಮುಖ್ಯ: ನಗರದ ಐಟಿ ಇಲಾಖೆಯಲ್ಲೇ ಕೆಲವರು ಮಹತ್ವದ ಮಾಹಿತಿಯನ್ನು ತಮ್ಮ ತಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇಟ್ಟುಕೊಂಡಿದ್ದರು. ಬೇರೆಲ್ಲೂ ಪ್ರತಿ ಇರಲಿಲ್ಲ. ಅದು ಹೋಯಿತು. ಅದರ ಹಿಂದಿನ ವರ್ಷ ಅಟ್ಲಾಂಟಾದಲ್ಲಿ ಇಂಥದೇ ದಾಳಿಯಾದಾಗ ಪೊಲೀಸರ ಕಾರಿನ ಕ್ಯಾಮೆರಾದ ಹಳೆಯ ದೃಶ್ಯಗಳು ಅಳಿಸಿಹೋಗಿದ್ದವು. 2020ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ಪಟಾಪ್ಸ್ಕೊದ ಆಚೆ ದಡದ ಬಾಲ್ಟಿಮೋರ್ ಕೌಂಟಿಯ ಶಾಲೆಗಳ ಸರದಿ. ಕೋವಿಡ್ ಕಾಲ, ಲಕ್ಷಕ್ಕೂ ಹೆಚ್ಚು ಮಕ್ಕಳು ಮನೆಯಿಂದಲೇ ಕಲಿಯುತ್ತಿದ್ದರು. ಕೆಲವು ದಿನ ಪಾಠವೇ ನಿಂತಿತು.

ಊರಿನ ಕನ್ನಡ ಗೆಳೆಯರು ಸೇರಿದಾಗ ಈ ವಿಷಯ ಬಂದರೆ ಮೊದಲು ಕೇಳಿಬರುವ ಪ್ರಶ್ನೆ, "ಯಾವ ಸಾಫ್ಟ್‌ವೇರ್ ಹಾಕ್ಕೊಂಡ್ರೆ ಒಳ್ಳೇದು ಸಾರ್?" ನನ್ನ ಅನುಭವದಲ್ಲಿ ಇದು ಎರಡನೆಯ ಪ್ರಶ್ನೆಯಾಗಬೇಕು. ಕಂಪ್ಯೂಟರು ಕೈಕೊಟ್ಟ ದಿನ, ಹೊಸ ಯಂತ್ರವೊಂದರ ಮುಂದೆ ಕುಳಿತು, ನನ್ನ ಕಡತಗಳು ಹೇಗೆ ವಾಪಸು ಬರುತ್ತವೆ ಎಂಬುದು ಮೊದಲನೆಯದು. ಕೊಳ್ಳುವ ದಿನದ ಸವಲತ್ತುಗಳನ್ನು ನೋಡಿ ಆರಿಸಿದ ಬ್ಯಾಕಪ್ಪು ಒಂದು ರೀತಿಯದು. ಮರಳಿ ಪಡೆಯುವ ದಿನವನ್ನು ಕಣ್ಣಮುಂದೆ ತಂದುಕೊಂಡು ಆರಿಸಿದ್ದು ಇನ್ನೊಂದು ರೀತಿಯದು. ಈ ಲೇಖನದ ಎಲ್ಲ ತೀರ್ಪುಗಳೂ ಆ ದಿನವನ್ನು ಮುಂದಿಟ್ಟುಕೊಂಡವು.

ಛಾಯಾಗ್ರಾಹಕ ಪೀಟರ್ ಕ್ರೋಗ್ ಡಿಜಿಟಲ್ ಚಿತ್ರಗಳನ್ನು ಕಾಪಾಡುವ ಬಗ್ಗೆ ಬರೆದ ಪುಸ್ತಕದಿಂದ 3-2-1 ಎಂಬ ನಿಯಮ ಪ್ರಚಾರಕ್ಕೆ ಬಂತು. ಬೇಕಾದ ಕಡತದ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯಿಂದ ಹೊರಗಿರಲಿ. ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆಯೂ ಮುಂದೆ ಇದನ್ನೇ ಜನರಿಗೆ ಹೇಳಿತು. ರಾನ್‌ಸಮ್‌ವೇರ್ ಕಾಲದಲ್ಲಿ ಇದಕ್ಕೆ ಒಂದು ಮಾತು ಸೇರಬೇಕು: ಒಂದು ಪ್ರತಿಯಾದರೂ ತಂತಿ ಕಳಚಿಟ್ಟದ್ದಿರಲಿ. 2013ರ ಕ್ರಿಪ್ಟೋಲಾಕರ್‌ನಿಂದ ಇತ್ತ ಬಂದ ಇಂಥ ತಂತ್ರಾಂಶಗಳು ಕಂಪ್ಯೂಟರಿನ ಒಳಗಿನದನ್ನಷ್ಟೇ ಅಲ್ಲದೆ ಅದಕ್ಕೆ ಜೋಡಿಸಿದ ಡಿಸ್ಕುಗಳನ್ನೂ ಹುಡುಕಿ ಬೀಗ ಹಾಕುತ್ತವೆ. ಸದಾ ಯುಎಸ್‌ಬಿಗೆ ಸಿಕ್ಕಿಸಿಯೇ ಇಟ್ಟ ಬ್ಯಾಕಪ್ಪನ್ನು ಅವು ಬಿಡುವುದಿಲ್ಲ.

ಹೆಚ್ಚಿನ ಮನೆಗಳು ಎಡವುವುದು ಇನ್ನೊಂದು ಕಡೆ. "ನಮ್ದೆಲ್ಲ ಗೂಗಲ್ ಡ್ರೈವ್‌ನಲ್ಲಿದೆ", "ಐಕ್ಲೌಡ್‌ನಲ್ಲಿದೆ", "ಒನ್‌ಡ್ರೈವ್ ಆನ್ ಆಗಿದೆ" ಎಂಬ ಮಾತು. ಇವೆಲ್ಲ ಮೂಲತಃ ಸಿಂಕ್ ಸೇವೆಗಳು. ಕನ್ನಡಿಯ ಹಾಗೆ, ಮೂಲದಲ್ಲಿ ಏನಾಯಿತೋ ಅದನ್ನೇ ತೋರಿಸುತ್ತವೆ. ಫೋನಿನಲ್ಲಿ ಜಾಗ ಸಾಲದೆಂದು ಮಗ ಸಾವಿರ ಫೋಟೊ ಅಳಿಸಿದರೆ ಐಕ್ಲೌಡಿನಿಂದಲೂ ಅಳಿಯುತ್ತವೆ. ಕಸದ ಬುಟ್ಟಿಯಲ್ಲಿ ಅವು ಮೂವತ್ತು ದಿನ ಇರುತ್ತವೆ, ಗೂಗಲ್ ಫೋಟೋಸ್ ಆದರೆ ಅರವತ್ತು ದಿನ. ಅಷ್ಟರೊಳಗೆ ಯಾರಾದರೂ ಗಮನಿಸಬೇಕು. ಬೇಸಿಗೆ ರಜೆಯಲ್ಲಿ ಅಳಿಸಿದ್ದು ದೀಪಾವಳಿಗೆ ನೆನಪಾದರೆ ಕಾಲ ಮಿಂಚಿರುತ್ತದೆ. ಹಳೆಯ ಆವೃತ್ತಿಗಳನ್ನು ಈ ಸೇವೆಗಳು ಒಂದಿಷ್ಟು ದಿನ ಇಟ್ಟುಕೊಳ್ಳುತ್ತವೆ, ಮೈಕ್ರೋಸಾಫ್ಟ್ 365 ಕೊಂಡವರಿಗೆ ಇಡೀ ಒನ್‌ಡ್ರೈವನ್ನು ಮೂವತ್ತು ದಿನ ಹಿಂದಕ್ಕೆ ಒಯ್ಯುವ ಸೌಕರ್ಯವೂ ಇದೆ, ಅದು ನಿಜ. ಹಾಗಾಗಿ ಸಿಂಕ್ ಬೇಡವೆನ್ನುವುದಿಲ್ಲ; ಮೂರು ಪ್ರತಿಗಳ ಲೆಕ್ಕದಲ್ಲಿ ಅದನ್ನು ಅರ್ಧ ಎಂದು ಹಿಡಿಯಿರಿ. ಬೆಂಗಳೂರಿನ ಅಜ್ಜಿತಾತನ ಜೊತೆ ಫೋಟೊ ಹಂಚಿಕೊಳ್ಳಲು ಅದಕ್ಕಿಂತ ಒಳ್ಳೆಯದು ಇಲ್ಲ.

ಈಗ ಸಾಫ್ಟ್‌ವೇರಿಗೆ ಬರೋಣ. ಈ ಕ್ಷೇತ್ರದ ಚರಿತ್ರೆಯನ್ನು ನೋಡಿದರೆ ಒಂದು ಎಚ್ಚರಿಕೆ ಎದ್ದು ಕಾಣುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಇಲ್ಲಿಗೆ ಬಂದ ಎಂಜಿನಿಯರುಗಳ ಕೈಯಲ್ಲೆಲ್ಲ ನಾರ್ಟನ್ ಘೋಸ್ಟ್ ಇತ್ತು. ಅದು ನ್ಯೂಜಿಲೆಂಡಿನಲ್ಲಿ ಹುಟ್ಟಿ, 1998ರಲ್ಲಿ ಸಿಮ್ಯಾಂಟೆಕ್ ಕೈಸೇರಿ, 2013ರಲ್ಲಿ ಮಾರಾಟ ನಿಲ್ಲಿಸಿತು. ಮನೆಬಳಕೆದಾರರ ಅಚ್ಚುಮೆಚ್ಚಿನದಾಗಿದ್ದ ಕ್ರ್ಯಾಶ್‌ಪ್ಲ್ಯಾನ್ ತನ್ನ ಗೃಹಸೇವೆ ಮುಚ್ಚುವುದಾಗಿ 2017ರ ಆಗಸ್ಟಿನಲ್ಲಿ ಪ್ರಕಟಿಸಿ 2018ರ ಅಕ್ಟೋಬರಿಗೆ ಮುಚ್ಚಿತು. ಮೋಜಿ ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಕಾರ್ಬೊನೈಟಿನಲ್ಲಿ ಲೀನವಾಯಿತು, ಕಾರ್ಬೊನೈಟ್ 2019ರಲ್ಲಿ ಓಪನ್‌ಟೆಕ್ಸ್ಟ್ ಪಾಲಾಯಿತು. ಬಹಳ ಜನ ನೆಚ್ಚಿಕೊಂಡಿದ್ದ ಮ್ಯಾಕ್ರಿಯಂ ರಿಫ್ಲೆಕ್ಟಿನ ಉಚಿತ ಆವೃತ್ತಿಗೆ 2024ರ ಆರಂಭದಿಂದ ಬೆಂಬಲವಿಲ್ಲ. ಮಕ್ಕಳ ನಾಮಕರಣದ ವಿಡಿಯೊ ಅವರ ಮದುವೆಯವರೆಗೆ ಉಳಿಯಬೇಕು. ಕಂಪನಿಗಳ ಆಯುಸ್ಸು ಅಷ್ಟಿಲ್ಲ. ಆದ್ದರಿಂದ ಫೋಟೊ, ವಿಡಿಯೊ, ದಾಖಲೆಪತ್ರಗಳ ಒಂದು ಪ್ರತಿಯನ್ನಾದರೂ ಯಾವ ಸಾಫ್ಟ್‌ವೇರೂ ಇಲ್ಲದೆ, ಯಾವುದೇ ಕಂಪ್ಯೂಟರಿಗೆ ಸಿಕ್ಕಿಸಿದರೂ ತೆರೆಯುವಂತೆ, ಮಾಮೂಲಿ ಫೋಲ್ಡರುಗಳಾಗಿಯೇ ಇಡಬೇಕು. ವಿಂಡೋಸ್‌ನಲ್ಲಿ ಫ್ರೀಫೈಲ್‌ಸಿಂಕ್ ಅಥವಾ ಒಳಗೇ ಇರುವ ರೋಬೊಕಾಪಿ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಆರ್‌ಸಿಂಕ್ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತವೆ. ಇದರಲ್ಲಿ ಹಳೆಯ ಆವೃತ್ತಿಗಳು ಸಿಗುವುದು ಕಡಿಮೆ, ನೋಡಲು ಚಂದವೂ ಇಲ್ಲ. ಆದರೂ ಇಪ್ಪತ್ತು ವರ್ಷದ ಮೇಲೆ ತೆರೆಯುವ ಭರವಸೆ ನನಗೆ ಇದರ ಮೇಲೇ ಹೆಚ್ಚು.

ಮ್ಯಾಕ್ ಇಟ್ಟುಕೊಂಡವರ ಕೆಲಸ ಸುಲಭ. 2007ರಿಂದ ಅದರೊಳಗೇ ಟೈಮ್ ಮಷೀನ್ ಇದೆ. ಕಳೆದ ಇಪ್ಪತ್ತನಾಲ್ಕು ಗಂಟೆಗೆ ತಾಸಿಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದರ ಹಿಂದಕ್ಕೆ ವಾರಕ್ಕೊಂದು ಪ್ರತಿಯನ್ನು ಇಟ್ಟುಕೊಳ್ಳುತ್ತದೆ. ಡಿಸ್ಕು ತುಂಬಿದಾಗ ಹಳೆಯದನ್ನು ತೆಗೆಯುತ್ತದೆ. ಮ್ಯಾಕಿನ ಎರಡರಷ್ಟು ಗಾತ್ರದ ಡಿಸ್ಕು ಕೊಂಡು, ಎನ್‌ಕ್ರಿಪ್ಷನ್ ಆರಿಸಿ, ಸಿಕ್ಕಿಸಿದರೆ ಮುಗಿಯಿತು. ಹೊಸ ಮ್ಯಾಕ್ ಕೊಂಡಾಗ ಅದರಿಂದಲೇ ಎಲ್ಲವೂ ಮರಳಿ ಬರುತ್ತದೆ. ಮನೆಯವರಿಗಾಗಿ ಮಾಡಿದ ಬ್ಯಾಕಪ್ ತಂತ್ರಾಂಶಗಳಲ್ಲಿ ಇದಕ್ಕೆ ಸಾಟಿ ಇನ್ನೂ ಬಂದಿಲ್ಲ.

ವಿಂಡೋಸ್ ಕಥೆ ತೊಡಕಿನದು. ಫೈಲ್ ಹಿಸ್ಟರಿ ಎಂಬ ಒಳ್ಳೆಯ ಸೌಲಭ್ಯ 2012ರ ವಿಂಡೋಸ್ 8ರ ಜೊತೆ ಬಂತು. ವಿಂಡೋಸ್ 11ರಲ್ಲೂ ಇದೆ, ಆದರೆ ಹಳೆಯ ಕಂಟ್ರೋಲ್ ಪ್ಯಾನೆಲ್ಲಿನ ಒಳಗೆ ಹುದುಗಿದೆ. ಹುಡುಕಿ ತೆಗೆದು ಚಾಲೂ ಮಾಡಬೇಕು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಬಳಕೆದಾರನ ಫೋಲ್ಡರುಗಳನ್ನು ಮಾತ್ರ ಅದು ಕಾಯುತ್ತದೆ. ಡಿ ಡ್ರೈವಿನಲ್ಲಿ ತಮ್ಮದೇ ಫೋಲ್ಡರು ಮಾಡಿಕೊಂಡು ಅಲ್ಲಿ ಎಲ್ಲವನ್ನೂ ತುಂಬುವ ರೂಢಿ ನಮ್ಮವರಲ್ಲಿ ಬಹಳ. ಆ ಫೋಲ್ಡರನ್ನು ಲೈಬ್ರರಿಗೆ ಸೇರಿಸದಿದ್ದರೆ ಅದು ಬ್ಯಾಕಪ್ಪಿನಲ್ಲಿ ಇರುವುದೇ ಇಲ್ಲ. ಇಡೀ ಡಿಸ್ಕಿನ ಪಡಿಯಚ್ಚು ತೆಗೆಯುವ ವಿಂಡೋಸ್ 7 ಕಾಲದ ಸಲಕರಣೆಯನ್ನು ಮೈಕ್ರೋಸಾಫ್ಟೇ 2017ರಲ್ಲಿ ಕೈಬಿಟ್ಟಿದೆ. ಈಗಿನ ವಿಂಡೋಸ್ ಬ್ಯಾಕಪ್ ಎಂಬ ಆ್ಯಪ್ ನಿಮ್ಮನ್ನು ಒನ್‌ಡ್ರೈವಿಗೆ ಕರೆದೊಯ್ಯುತ್ತದೆ, ಅಲ್ಲಿ ಉಚಿತವಾಗಿ ಸಿಗುವುದು 5 ಗಿಗಾಬೈಟ್. ಒಂದು ಉಪನಯನದ ವಿಡಿಯೊಗೂ ಅದು ಸಾಲದು. ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಮನೆಗಳಲ್ಲಿ ಹಳೆಯ ಯಂತ್ರಗಳು ಬದಲಾಗುತ್ತಿವೆ. ಬ್ಯಾಕಪ್ಪನ್ನು ಸರಿಯಾಗಿ ನಿಲ್ಲಿಸಿಕೊಳ್ಳಲು ಇದೇ ಸಮಯ.

ಇಡೀ ವ್ಯವಸ್ಥೆ, ಪ್ರೋಗ್ರಾಂಗಳ ಸಮೇತ, ಹೊಸ ಡಿಸ್ಕಿಗೆ ಏರಬೇಕೆನ್ನುವವರಿಗೆ ಹೊರಗಿನ ತಂತ್ರಾಂಶ ಬೇಕು. ವೀಮ್ ಏಜೆಂಟ್ ಉಚಿತ ಆವೃತ್ತಿ ಗಟ್ಟಿಯಾದದ್ದು, ಬೃಹತ್ ಸಂಸ್ಥೆಗಳಿಗೆ ಬ್ಯಾಕಪ್ ಮಾರುವ ಕಂಪನಿಯದು. ಮ್ಯಾಕ್ರಿಯಂ, ಅಕ್ರೋನಿಸ್ ಈಗ ದುಡ್ಡು ಕೊಡುವವರಿಗೆ. ಇವುಗಳಲ್ಲಿ ಯಾವುದನ್ನು ಆರಿಸಿದರೂ ಅನುಸ್ಥಾಪಿಸಿದ ದಿನವೇ ಅದರ ರಿಕವರಿ ಪೆನ್ ಡ್ರೈವ್ ಮಾಡಿಟ್ಟುಕೊಂಡು, ಒಮ್ಮೆ ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಿ ನೋಡಬೇಕು. ವಿಂಡೋಸ್ ಏಳದ ದಿನ ಆ ಪೆನ್ ಡ್ರೈವೇ ಬಾಗಿಲು. ಮನೆಬಳಕೆಗೆ ಇಡೀ ವ್ಯವಸ್ಥೆಯ ಇಂಥ ಪ್ರತಿ ಕಡ್ಡಾಯವೆಂದು ನನಗನಿಸುವುದಿಲ್ಲ. ವಿಂಡೋಸ್ ಮತ್ತು ಪ್ರೋಗ್ರಾಂಗಳನ್ನು ಮತ್ತೆ ಹಾಕಿಕೊಳ್ಳಬಹುದು, ಕಡತಗಳನ್ನು ಹಾಗೆ ಮಾಡಲಾಗದು. ಲಿನಕ್ಸ್ ಬಳಸುವವರಿಗೆ ರೆಸ್ಟಿಕ್, ಬೋರ್ಗ್ ಎರಡೂ ಉತ್ತಮ. ಟೈಮ್‌ಶಿಫ್ಟ್ ವ್ಯವಸ್ಥೆಯನ್ನು ಕಾಯುವಂಥದ್ದು, ನಿಮ್ಮ ಕಡತಗಳಿಗೆ ಅದನ್ನು ನೆಚ್ಚಬೇಡಿ.

ಮನೆಯಿಂದ ಹೊರಗಿನ ಪ್ರತಿಗೆ ಈಗ ಹೆಚ್ಚಿನವರ ದಾರಿ ಆನ್‌ಲೈನ್ ಬ್ಯಾಕಪ್. ಬ್ಯಾಕ್‌ಬ್ಲೇಜ್, ಐಡ್ರೈವ್ ಇಲ್ಲಿ ಬಹಳ ಕೇಳಿಬರುವ ಹೆಸರುಗಳು. ಬ್ಯಾಕ್‌ಬ್ಲೇಜ್ ಒಂದು ಕಂಪ್ಯೂಟರಿನಲ್ಲಿರುವ ನಿಮ್ಮ ಕಡತಗಳನ್ನು ಗಾತ್ರದ ಮಿತಿಯಿಲ್ಲದೆ ತೆಗೆದುಕೊಳ್ಳುತ್ತದೆ. ಐಡ್ರೈವ್ ಇಷ್ಟು ಟೆರಾಬೈಟ್ ಎಂದು ಕೊಟ್ಟು, ಅದರೊಳಗೆ ಮನೆಯ ಎಲ್ಲ ಕಂಪ್ಯೂಟರು, ಫೋನುಗಳಿಗೂ ಅವಕಾಶ ಕೊಡುತ್ತದೆ. ಒಂದೇ ಕಂಪ್ಯೂಟರಿನಲ್ಲಿ ರಾಶಿ ಇದ್ದವರಿಗೆ ಮೊದಲನೆಯದು, ಚಿಕ್ಕಪುಟ್ಟ ಸಾಧನಗಳು ಹಲವಿದ್ದವರಿಗೆ ಎರಡನೆಯದು ಹೊಂದುತ್ತದೆ. ಎರಡರಲ್ಲೂ ಸೇರುವ ಮೊದಲು ಕೇಳಬೇಕಾದದ್ದು: ಅಳಿಸಿದ ಕಡತವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಹೊರಗಿನ ಡಿಸ್ಕನ್ನು ತಿಂಗಳುಗಟ್ಟಲೆ ಜೋಡಿಸದಿದ್ದರೆ ಅದರ ಪ್ರತಿ ಏನಾಗುತ್ತದೆ? ಎಲ್ಲವನ್ನೂ ಒಟ್ಟಿಗೆ ಮರಳಿ ಪಡೆಯಬೇಕಾದರೆ ಡಿಸ್ಕಿಗೆ ತುಂಬಿ ಅಂಚೆಯಲ್ಲಿ ಕಳಿಸುತ್ತೀರಾ?

ಕೊನೆಯ ಪ್ರಶ್ನೆ ಯಾಕೆಂದರೆ, ಇಲ್ಲಿ ಎಲ್ಲವೂ ತಂತಿಯ ವೇಗದ ಮೇಲೆ ನಿಂತಿದೆ. ಕೇಬಲ್ ಇಂಟರ್‌ನೆಟ್ಟಿನ ಜಾಹೀರಾತಿನಲ್ಲಿ ಕಾಣುವುದು ಇಳಿಸಿಕೊಳ್ಳುವ ವೇಗ. ಏರಿಸುವ ವೇಗ ಅದರ ಒಂದು ಸಣ್ಣ ಪಾಲು. ಸೆಕೆಂಡಿಗೆ 10 ಮೆಗಾಬಿಟ್ ಏರಿಸುವ ಸಂಪರ್ಕವಿದ್ದರೆ ಒಂದು ಟೆರಾಬೈಟ್ ಏರಲು ಬಿಡುವಿಲ್ಲದೆ ಒಂಬತ್ತು ದಿನಕ್ಕೂ ಹೆಚ್ಚು ಬೇಕು. ಏರಿಸುವುದೂ 300 ಮೆಗಾಬಿಟ್ ಇರುವ ಫೈಬರ್ ಆದರೆ ಎಂಟು ಗಂಟೆಯೊಳಗೆ ಮುಗಿಯುತ್ತದೆ. ಮೊದಲ ಸಲದ ಈ ಏರಿಕೆಯಲ್ಲೇ ಬೇಸತ್ತು ಬಿಟ್ಟವರು ಬಹಳ. ರಾತ್ರಿ ಲ್ಯಾಪ್‌ಟಾಪ್ ನಿದ್ದೆ ಹೋಗದಂತೆ ಮಾಡಿ, ಮೊದಲು ಬೇಕೇ ಬೇಕಾದ ಫೋಲ್ಡರುಗಳನ್ನು ಕಳಿಸಿ, ಉಳಿದದ್ದನ್ನು ನಿಧಾನಕ್ಕೆ ಬಿಟ್ಟರೆ ಆಗುತ್ತದೆ.

ಕ್ಲೌಡ್ ಎಂದರೆ ಎಲ್ಲೋ ಆಕಾಶದಲ್ಲಿಲ್ಲ ಎಂಬುದು ನಮ್ಮ ಪ್ರದೇಶದವರಿಗೆ ಚೆನ್ನಾಗಿ ಗೊತ್ತು. ವರ್ಜೀನಿಯದ ಆಶ್‌ಬರ್ನಿನಲ್ಲಿ, ಇಲ್ಲಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರದಲ್ಲಿ, ಕಿಟಕಿಯಿಲ್ಲದ ದೊಡ್ಡ ದೊಡ್ಡ ಕಟ್ಟಡಗಳ ಸಾಲುಗಳಿವೆ. ಜಗತ್ತಿನ ಅತಿದೊಡ್ಡ ಡೇಟಾ ಸೆಂಟರ್ ನೆಲೆ ಅದು. ಅಲ್ಲಿಯ ಎಷ್ಟೋ ಎಂಜಿನಿಯರುಗಳು ನಮ್ಮ ಗೆಳೆಯರೇ. ಅವು ಕಟ್ಟಡಗಳೇ ಆದ್ದರಿಂದ ಕಟ್ಟಡಕ್ಕೆ ಆಗುವುದೆಲ್ಲ ಅವಕ್ಕೂ ಆಗಬಹುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಯಿಂದ ಬೆಂಕಿ ಹತ್ತಿ, ಸರ್ಕಾರಿ ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್ ಸಂಗ್ರಹ ಬೂದಿಯಾಯಿತು. ಅದು ತುಂಬ ದೊಡ್ಡದು ಎಂಬ ಕಾರಣಕ್ಕೆ ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ಕ್ಲೌಡಿನ ಮೇಲೆ ಅಪನಂಬಿಕೆ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಅದು ಮೂರರಲ್ಲಿ ಒಂದು ಪ್ರತಿ, ಅಷ್ಟೇ.

ಡಿಸ್ಕುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಹಳೆಯ ಕಾಲದ್ದು: ಮನೆಯ ಬ್ಯಾಕಪ್ಪಿಗೆ ತಿರುಗುವ ಹಾರ್ಡ್ ಡಿಸ್ಕೇ ಇರಲಿ. ಎಸ್‌ಎಸ್‌ಡಿ ವೇಗ, ಬಿದ್ದರೆ ತಾಳಿಕೊಳ್ಳುತ್ತದೆ, ದಿನದ ಕೆಲಸಕ್ಕೆ ಅದೇ ಸರಿ. ಆದರೆ ಅದರಲ್ಲಿ ಮಾಹಿತಿ ನಿಲ್ಲುವುದು ಕೂಡಿಟ್ಟ ವಿದ್ಯುದಾವೇಶದ ರೂಪದಲ್ಲಿ. ವರ್ಷಗಟ್ಟಲೆ ಕರೆಂಟು ಕಾಣದೆ ಕಪಾಟಿನಲ್ಲಿ ಇಟ್ಟರೆ ಅದು ನಿಧಾನಕ್ಕೆ ಸೋರಬಹುದು, ಸವೆದ ಡ್ರೈವಾದರೆ ಬೇಗ, ಬಿಸಿ ಜಾಗವಾದರೆ ಇನ್ನೂ ಬೇಗ. ಪೆನ್ ಡ್ರೈವು ಮತ್ತು ಮೆಮೊರಿ ಕಾರ್ಡು ಸಾಗಿಸಲಷ್ಟೇ. ಹಾರ್ಡ್ ಡಿಸ್ಕಿನ ಬಾಳಿಕೆಯ ಬಗ್ಗೆ ನಂಬಬಹುದಾದ ಬಹಿರಂಗ ಲೆಕ್ಕ ಬ್ಯಾಕ್‌ಬ್ಲೇಜಿನದು. ತನ್ನ ಲಕ್ಷಾಂತರ ಡಿಸ್ಕುಗಳಲ್ಲಿ ಯಾವ ಮಾದರಿ ಎಷ್ಟು ಕೆಟ್ಟಿತೆಂದು ಆ ಕಂಪನಿ ವರ್ಷಗಳಿಂದ ಪ್ರಕಟಿಸುತ್ತಿದೆ. ಒಟ್ಟಾರೆ ವರ್ಷಕ್ಕೆ ನೂರರಲ್ಲಿ ಒಂದೆರಡು ಕೆಡುತ್ತವೆ. ಸೀಗೇಟಿನ 3 ಟೆರಾಬೈಟಿನ ಒಂದು ಮಾದರಿ ಮಾತ್ರ ಆ ಲೆಕ್ಕದಲ್ಲಿ ಕುಪ್ರಸಿದ್ಧವಾಯಿತು. ಇದರಿಂದ ಕಲಿಯುವುದು, ಎರಡು ಡಿಸ್ಕು ಕೊಳ್ಳುವುದಾದರೆ ಎರಡು ಕಂಪನಿಗಳದ್ದು ಕೊಳ್ಳಬೇಕು. ಒಂದೇ ಪೆಟ್ಟಿಗೆಯ ಅವಳಿಗಳು ಬೇಡ. ಐದಾರು ವರ್ಷವಾದ ಡಿಸ್ಕನ್ನು ಕೆಡುವ ಮೊದಲೇ ಬದಲಿಸಿ. ಹಳೆಯದನ್ನು ಅಳಿಸಿ, ಮ್ಯಾರಿಯಟ್ಸ್‌ವಿಲ್ಲಿನ ಆಲ್ಫಾ ರಿಜ್ ಲ್ಯಾಂಡ್‌ಫಿಲ್ಲಿನಲ್ಲಿ ಕೌಂಟಿಯವರು ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವ ಕಡೆ ಕೊಡಬಹುದು.

ನ್ಯಾಸ್ ಎಂಬ, ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕು ಪೆಟ್ಟಿಗೆಗಳು ನಮ್ಮ ಐಟಿ ಗೆಳೆಯರಿಗೆ ಬಹಳ ಪ್ರಿಯ. ಸಿನಾಲಜಿ, ಕ್ಯೂನ್ಯಾಪ್ ಹೆಸರಾದವು. ನಾಲ್ಕಾರು ಲ್ಯಾಪ್‌ಟಾಪುಗಳಿರುವ ಮನೆಗೆ ಅನುಕೂಲವೇ. ಅದರಲ್ಲಿನ ರೇಡ್ ಎಂಬ ಏರ್ಪಾಡು ಒಂದು ಡಿಸ್ಕು ಸತ್ತರೆ ಕಾಪಾಡುತ್ತದೆ. ಅಳಿಸಿದ ಕಡತವನ್ನೂ, ನೀರು ಹೊಕ್ಕ ಬೇಸ್‌ಮೆಂಟನ್ನೂ ಅದು ಕಾಪಾಡದು. ಅದನ್ನು ಇಂಟರ್‌ನೆಟ್ಟಿಗೆ ತೆರೆದಿಡುವುದಂತೂ ಬೇಡವೇ ಬೇಡ. 2021ರ ಜೂನಿನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಪೆಟ್ಟಿಗೆಗಳು ದೂರದಿಂದಲೇ ಬರಿದಾದವು. ಅದೇ ವರ್ಷ ಕ್ಯೂಲಾಕರ್, 2022ರಲ್ಲಿ ಡೆಡ್‌ಬೋಲ್ಟ್ ಎಂಬ ರಾನ್‌ಸಮ್‌ವೇರ್‌ಗಳು ಕ್ಯೂನ್ಯಾಪ್ ಪೆಟ್ಟಿಗೆಗಳನ್ನು ಹುಡುಕಿ ಹೊಡೆದವು. ಯಂತ್ರವನ್ನು ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡುವ ಶಿಸ್ತಿರುವವರು ನ್ಯಾಸ್ ಇಟ್ಟುಕೊಳ್ಳಲಿ, ಉಳಿದವರಿಗೆ ಎರಡು ಸಾದಾ ಡಿಸ್ಕೇ ಕ್ಷೇಮ.

ಕನ್ನಡ ಮನೆಗಳದ್ದೇ ಆದ ಕೆಲವು ಸಂಗತಿಗಳು ಬ್ಯಾಕಪ್ ಬಗ್ಗೆ ಬರೆಯುವ ಇಂಗ್ಲಿಷ್ ಲೇಖಕರ ಗಮನಕ್ಕೆ ಬರುವುದಿಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ 1998ರಲ್ಲಿ ಬಂದಾಗ ಹೊರದೇಶದ ಕನ್ನಡಿಗರಿಗೆ ಕಂಪ್ಯೂಟರಿನಲ್ಲಿ ಕನ್ನಡದ ಬಾಗಿಲು ತೆರೆಯಿತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಆ ವರ್ಷಗಳಲ್ಲಿ ಬರೆದ ನಾಟಕ, ಕವಿತೆ, ಸಂಘದ ಸ್ಮರಣ ಸಂಚಿಕೆಯ ಪುಟಗಳು, ಅಪ್ಪ ಬರೆಸಿದ ವಂಶಾವಳಿ, ಎಲ್ಲ ಆ ಕಾಲದ ಫಾಂಟುಗಳ ಸಂಕೇತದಲ್ಲಿವೆ. ಕಡತವೇನೋ ಡಿಸ್ಕಿನಿಂದ ಡಿಸ್ಕಿಗೆ ಸುರಕ್ಷಿತವಾಗಿ ಸಾಗಿ ಬಂದಿರುತ್ತದೆ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಫಾಂಟು ಇಲ್ಲದೆ ಕನ್ನಡ ಕಾಣದು. ಬರಹ, ನುಡಿ ಎರಡರಲ್ಲೂ ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳಿವೆ. ಮೂಲ ಕಡತ, ಅದರ ಫಾಂಟು, ಯೂನಿಕೋಡ್ ಪ್ರತಿ, ಒಂದು ಪಿಡಿಎಫ್, ಈ ನಾಲ್ಕನ್ನೂ ಒಂದೇ ಫೋಲ್ಡರಿನಲ್ಲಿಡಿ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ, ಅಲ್ಲೇ ತಪ್ಪು ನುಸುಳುವುದು. ಈ ಕೆಲಸ ಮಾಡಬಲ್ಲ ತಲೆಮಾರು ಇನ್ನೂ ನಮ್ಮ ನಡುವೆ ಇದೆ, ಇನ್ನು ಇಪ್ಪತ್ತು ವರ್ಷಕ್ಕೆ ಇರಲಿಕ್ಕಿಲ್ಲ.

ಹಾಗೆಯೇ ಕ್ಯಾಮ್‌ಕಾರ್ಡರಿನ ಮಿನಿ ಡಿವಿ ಟೇಪುಗಳು. ಒಂದು ಗಂಟೆಯ ಟೇಪು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಗಿಗಾಬೈಟ್. ಐವತ್ತು ಟೇಪಿದ್ದರೆ 650 ಗಿಗಾಬೈಟ್. 2 ಟೆರಾಬೈಟಿನ ಡಿಸ್ಕು ಕೊಳ್ಳಬೇಕೋ 4ರದ್ದೋ ಎಂಬುದನ್ನು ನಿರ್ಧರಿಸುವುದು ಇಂಥ ಲೆಕ್ಕವೇ. ಟೇಪು ಓದುವ ಯಂತ್ರಗಳು ಅಂಗಡಿಯಲ್ಲಿ ಸಿಗದಾಗಿ ವರ್ಷಗಳಾದವು, ಆದ್ದರಿಂದ ಅವನ್ನು ಇಳಿಸುವ ಕೆಲಸ ಮುಂದೂಡುವಂಥದ್ದಲ್ಲ.

ಊರಿನಲ್ಲಿರುವ ತಂದೆತಾಯಿಯರ ವಿಷಯ ಇನ್ನೂ ಸೂಕ್ಷ್ಮ. ಎರಡು ವರ್ಷ ಬಳಸದ ಗೂಗಲ್ ಖಾತೆಗಳನ್ನು ಅಳಿಸುವ ನಿಯಮವನ್ನು ಆ ಕಂಪನಿ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಮೈಸೂರಿನಲ್ಲೋ ಧಾರವಾಡದಲ್ಲೋ ತೀರಿಕೊಂಡ ತಂದೆಯ ಫೋನು ಡ್ರಾಯರಿನಲ್ಲಿ ಉಳಿದರೆ, ಅವರು ತೆಗೆದ ಫೋಟೊಗಳು ಯಾರಿಗೂ ತಿಳಿಯದೆ ಹೋಗಬಹುದು. ಗೂಗಲ್‌ನಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್, ಆ್ಯಪಲ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಎಂಬ ಏರ್ಪಾಡುಗಳಿವೆ; ನಮ್ಮ ನಂತರ ಖಾತೆಯ ಒಳಗಿನದು ಯಾರಿಗೆ ಸಿಗಬೇಕೆಂದು ಈಗಲೇ ಬರೆದಿಡಬಹುದು. ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಪಕ್ಕ ಕುಳಿತು ಇದನ್ನು ಮಾಡಿಸಿ. ಆ ಪ್ರಯಾಣವೇ ಇನ್ನೊಂದು ಉಪಕಾರ ಮಾಡಬಲ್ಲದು: ನಿಮ್ಮ ಫೋಟೊಗಳ ಒಂದು ಡಿಸ್ಕನ್ನು, ಎನ್‌ಕ್ರಿಪ್ಟ್ ಮಾಡಿ, ಅಲ್ಲಿಯ ಮನೆಯಲ್ಲಿ ಬಿಟ್ಟು ಬನ್ನಿ; ಹೋದಾಗಲೆಲ್ಲ ಹೊಸದನ್ನು ಇಟ್ಟು ಹಳೆಯದನ್ನು ತನ್ನಿ. ಮೇರಿಲ್ಯಾಂಡಿನಲ್ಲೂ ಕರ್ನಾಟಕದಲ್ಲೂ ಒಂದೇ ದಿನ ಅನಾಹುತವಾಗುವುದು ತೀರ ಅಪರೂಪ. ಕರಾವಳಿಯ ಮನೆಯಾದರೆ ತೇವ ಹೀರುವ ಪೊಟ್ಟಣ ಹಾಕಿ ಮುಚ್ಚಿದ ಡಬ್ಬಿಯಲ್ಲಿಡಿ. ಊರಿಗೆ ಹೋಗುವುದು ಅಪರೂಪವಾದರೆ ಇಲ್ಲಿಯೇ ಇನ್ನೊಂದು ಕುಟುಂಬದ ಜೊತೆ ಡಿಸ್ಕು ಅದಲುಬದಲು ಮಾಡಿಕೊಳ್ಳಬಹುದು.

ಎನ್‌ಕ್ರಿಪ್ಷನ್ ಎಂದಾಗ ಒಂದು ಕಟ್ಟುನಿಟ್ಟಿನ ಮಾತು. ಬೀಗ ಹಾಕಿದ ಪ್ರತಿಯ ಕೀಲಿ ಕಳೆದರೆ ಆ ಪ್ರತಿ ಇಲ್ಲವೆಂದೇ ಲೆಕ್ಕ. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳು ಡಿಸ್ಕಿಗೆ ತಾವಾಗಿಯೇ ಬೀಗ ಹಾಕಿಕೊಳ್ಳುತ್ತವೆ. ಬಿಟ್‌ಲಾಕರ್ ಕೀಲಿ ಯಾವ ಮೈಕ್ರೋಸಾಫ್ಟ್ ಖಾತೆಯಲ್ಲಿದೆ ಎಂದು ಇಂದೇ ನೋಡಿಕೊಳ್ಳಿ. ಟೈಮ್ ಮಷೀನಿನ ಪಾಸ್‌ವರ್ಡು, ಆನ್‌ಲೈನ್ ಬ್ಯಾಕಪ್ಪಿನ ಖಾಸಗಿ ಕೀಲಿ, ಈ ರಿಕವರಿ ಕೀಲಿ ಮೂರನ್ನೂ ಕಾಗದದ ಮೇಲೆ ಬರೆದು, ಪಾಸ್‌ಪೋರ್ಟು ಮತ್ತು ಮನೆಪತ್ರಗಳ ಜೊತೆಗಿಟ್ಟು, ಗಂಡ ಹೆಂಡತಿ ಇಬ್ಬರಿಗೂ ಅದು ಎಲ್ಲಿದೆಯೆಂದು ತಿಳಿದಿರಬೇಕು. ಮನೆಯಲ್ಲಿ ಒಬ್ಬರಿಗೇ ಗೊತ್ತಿರುವ ಬ್ಯಾಕಪ್ ಆ ಒಬ್ಬರು ಇಲ್ಲದ ದಿನ ಕೆಲಸಕ್ಕೆ ಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಪರೀಕ್ಷಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಗಿಟ್‌ಲ್ಯಾಬ್ ಕಂಪನಿಯೇ ಸಾಕ್ಷಿ. 2017ರ ಜನವರಿ 31ರಂದು ಅಲ್ಲಿಯ ಎಂಜಿನಿಯರೊಬ್ಬರು ತಪ್ಪಾಗಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಐದು ಬಗೆಯ ಬ್ಯಾಕಪ್ ಏರ್ಪಾಡುಗಳಿದ್ದವು. ನೋಡಿದರೆ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಆಕಸ್ಮಿಕವಾಗಿ ತೆಗೆದಿದ್ದ ಒಂದು ಪ್ರತಿಯಿಂದ ಆರು ಗಂಟೆಗಳ ನಷ್ಟದಲ್ಲಿ ಬದುಕಿಕೊಂಡರು. ವೃತ್ತಿಯವರ ಕಥೆಯೇ ಹೀಗಾದರೆ, ಹಸಿರು ಗುರುತು ತೋರಿಸುವ ನಮ್ಮ ಮನೆಯ ಸಾಫ್ಟ್‌ವೇರನ್ನು ಕಣ್ಣುಮುಚ್ಚಿ ನಂಬುವುದು ಹೇಗೆ? ವರ್ಷಕ್ಕೆರಡು ಸಲ, ಇಲ್ಲಿ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ದಿನಗಳಲ್ಲಿ, ಬ್ಯಾಕಪ್ಪಿನಿಂದ ಒಂದು ಹಳೆಯ ಫೋಟೊ, ಒಂದು ವಿಡಿಯೊ, ಒಂದು ಕನ್ನಡ ಕಡತ, ಒಂದು ತೆರಿಗೆ ಪತ್ರ ಇಷ್ಟನ್ನು ಬೇರೆ ಕಂಪ್ಯೂಟರಿಗೆ ಇಳಿಸಿ ತೆರೆದು ನೋಡಿ. ಅರ್ಧ ಗಂಟೆಯ ಕೆಲಸ. ಎರಡು ಬ್ಯಾಕಪ್ ತಂತ್ರಾಂಶಗಳ ನಡುವೆ ಯಾವುದೆಂದು ತೋಚದಿದ್ದರೆ, ಈ ಪರೀಕ್ಷೆಯನ್ನು ಯಾವುದರಲ್ಲಿ ನಿಮ್ಮ ಮನೆಯ ಉಳಿದವರೂ ಮಾಡಬಲ್ಲರೋ ಅದನ್ನು ಆರಿಸಿ.

ನನ್ನ ತೀರ್ಪು ಇದು. ಮ್ಯಾಕ್ ಇದ್ದರೆ ಟೈಮ್ ಮಷೀನ್, ವಿಂಡೋಸ್ ಇದ್ದರೆ ಫೈಲ್ ಹಿಸ್ಟರಿ, ಒಂದು ಹಾರ್ಡ್ ಡಿಸ್ಕಿನ ಮೇಲೆ, ಬೇಸ್‌ಮೆಂಟಿನ ಬದಲು ಮೇಲಿನ ಮಹಡಿಯಲ್ಲಿ. ಬೇರೆ ಕಂಪನಿಯ ಎರಡನೆಯ ಡಿಸ್ಕಿನ ಮೇಲೆ ಸಾದಾ ಫೋಲ್ಡರುಗಳ ಪ್ರತಿ, ತಿಂಗಳಿಗೊಮ್ಮೆ ಜೋಡಿಸಿ ಮತ್ತೆ ಕಳಚಿ, ಇನ್ನೊಬ್ಬರ ಮನೆಯಲ್ಲಿ. ದುಡ್ಡು ಕೊಡಬಲ್ಲವರು ಜೊತೆಗೆ ಒಂದು ಆನ್‌ಲೈನ್ ಬ್ಯಾಕಪ್. ಇದಕ್ಕಿಂತ ಹೆಚ್ಚಿನ ಯಂತ್ರ ಸಾಮಗ್ರಿ ಸಾಮಾನ್ಯ ಸಂಸಾರಕ್ಕೆ ಬೇಕಿಲ್ಲ.

ನಮ್ಮ ಕನ್ನಡ ಸಂಘಗಳಿಗೆ ಒಂದು ಕೋರಿಕೆ. ಕಾರ್ಯಕಾರಿ ಸಮಿತಿಗಳು ಬದಲಾಗುತ್ತವೆ. ನಾಟಕದ ದೃಶ್ಯಮುದ್ರಿಕೆ, ಹಳೆಯ ಸಂಚಿಕೆ, ಫೋಟೊಗಳು ಹಿಂದಿನ ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತವೆ. ಅವನ್ನು ಹುಡುಕಿ ಒಂದೆಡೆ ಸೇರಿಸಿ, ಮೂರು ಪ್ರತಿ ಮಾಡಿ. ಯುಗಾದಿಗೋ ರಾಜ್ಯೋತ್ಸವಕ್ಕೋ ಜನ ಸೇರುವ ದಿನ ಸಭಾಂಗಣದ ಹೊರಗೆ ಒಂದು ಮೇಜು ಹಾಕಿ, ತಿಳಿದ ಹುಡುಗ ಹುಡುಗಿಯರನ್ನು ಅಲ್ಲಿ ಕೂರಿಸಿ. ಹಿರಿಯರು ತಮ್ಮ ಲ್ಯಾಪ್‌ಟಾಪು, ಡಿಸ್ಕು ತರಲಿ. ಊಟ ಮುಗಿಯುವುದರೊಳಗೆ ಅವರ ಮೊದಲ ಬ್ಯಾಕಪ್ ಶುರುವಾಗಿರಲಿ.